ಓದೋಕೆ ತಂದ ಕಂಪ್ಯೂಟರಿಗೇ ಆಟ ಬರ್ತಿದೆ

ಎಕ್ಸ್‌ಬಾಕ್ಸ್ ಅಂದರೆ ಟಿವಿಗೆ ಸಿಕ್ಕಿಸಿ ಆಟ ಆಡುವ ಮೈಕ್ರೋಸಾಫ್ಟ್ ಕಂಪನಿಯ ಡಬ್ಬಿ, ಕನ್ಸೋಲ್ ಅಂತಾರೆ. ಆ ಎಕ್ಸ್‌ಬಾಕ್ಸ್ ಈಗ ಡಬ್ಬಿಗಿಂತ ಕಂಪ್ಯೂಟರ್ ಕಡೆಗೇ ಜಾಸ್ತಿ ವಾಲುತ್ತಿದೆ ಅಂತ ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ ಫೋನ್ ಮಾಡಿ ಬೇಜಾರು ತೋಡಿಕೊಂಡ. ದೊಡ್ಡ ಟಿವಿ, ಎದುರಿಗೆ ಸೋಫಾ, ಕೈಯಲ್ಲಿ ಕಂಟ್ರೋಲರ್. ಅವನಿಗೆ ಎಷ್ಟೋ ವರ್ಷದ ರೂಢಿ ಅದು. ಅವನ ಬೇಜಾರು ಸುಳ್ಳಲ್ಲ. ಆದರೆ ರಾಯಚೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ನನಗೆ ಇದು ತುಂಬಾ ಖುಷಿಯ ಸುದ್ದಿ. ಫೋನಿನಲ್ಲಿ ಅವನಿಗೆ ಸರಿಯಾಗಿ ಹೇಳೋಕಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು, ಆ ಡಬ್ಬಿ ನಮ್ಮೂರಿಗೆ ಸರಿಯಾಗಿ ಬರಲೇ ಇಲ್ಲ. ಇಷ್ಟು ವರ್ಷದಲ್ಲಿ ನನ್ನ ಟೇಬಲ್ ಮೇಲೆ ರಿಪೇರಿಗೆ ಬಂದ ಕನ್ಸೋಲ್‌ಗಳನ್ನು ಬೆರಳಲ್ಲಿ ಎಣಿಸಬಹುದು. ಕಂಪ್ಯೂಟರ್ ಮಾತ್ರ ಎಲ್ಲ ಕಡೆಯಿಂದ ಬರುತ್ತವೆ. ಗಂಜಿನ ಅಡತ್ ಅಂಗಡಿಯಿಂದ, ಡಿಟಿಪಿ ಮಾಡುವವರಿಂದ, ಫೋಟೋ ಸ್ಟುಡಿಯೋದಿಂದ, ಶಕ್ತಿನಗರದ ಕ್ವಾರ್ಟರ್ಸಿನಿಂದ. ಮಾನ್ವಿ, ಸಿಂಧನೂರು ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಂದಂತೂ ಬಹಳ.

ಜೂನ್, ಜುಲೈ ಬಂತೆಂದರೆ ಅಪ್ಪ, ಮಗ ಇಬ್ಬರೂ ಅಂಗಡಿಗೆ ಬರುತ್ತಾರೆ. ಮಗ ಗ್ರಾಫಿಕ್ ಕಾರ್ಡ್ ಕಡೆ ನೋಡುತ್ತಿರುತ್ತಾನೆ. ಅಪ್ಪ ಕೇಳುವ ಪ್ರಶ್ನೆ ಒಂದೇ.

"ಇದರಾಗ ಓದಾಕ ಬರ್ತದೇನ್ರೀ?"

"ಬರ್ತದ ಕಾಕಾ. ಇವರ ಕಾಲೇಜಿನ ಕೆಲಸ ಎಲ್ಲಾ ಇದರಾಗೇ."

ಅಷ್ಟು ಹೇಳಿದ ಮೇಲೆ ಅವರು ರೇಟಿನ ಮಾತಿಗೆ ಬರುತ್ತಾರೆ. 2020ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇಲ್ಲಿ 34,990 ರೂಪಾಯಿಗೆ ಬಂತು. ಸೀರೀಸ್ ಎಕ್ಸ್ 49,990. ಅದೇ ಪ್ರಶ್ನೆಗೆ ಆ ಡಬ್ಬಿಯನ್ನು ತೋರಿಸಿ ನಾನು ಏನು ಹೇಳಲಿ? ಎರಡು ಎಕರೆ ಹತ್ತಿ ಹಾಕಿದ ಮನುಷ್ಯ ಆಟಕ್ಕೆ ಅಂತಲೇ ಅಷ್ಟು ದುಡ್ಡು ತೆಗೆದಿಡೋಕೆ ಆಗುತ್ತಾ? ಅವರದು ಜಿಪುಣತನ ಅಲ್ಲ. ಮನೆಗೆ ಒಂದೇ ಸಾಮಾನು ತರೋಕೆ ಆಗೋದು, ಅದರಲ್ಲೇ ಎಲ್ಲ ಆಗಬೇಕು.

ಹಾಗಾಗಿ ನಮ್ಮ ಕಡೆ ಆಟ ಯಾವತ್ತೂ ಕಂಪ್ಯೂಟರಿನಲ್ಲೇ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಸ್ಟೇಷನ್ ರೋಡ್ ಕಡೆಯ ನೆಟ್ ಸೆಂಟರಿನಲ್ಲಿ ಗಂಟೆ ಲೆಕ್ಕಕ್ಕೆ ದುಡ್ಡು ಕೊಟ್ಟು ಏಜ್ ಆಫ್ ಎಂಪೈರ್ಸ್ ಆಡುತ್ತಿದ್ದೆವು. ಅದರ ಮೊದಲ ಭಾಗ 1997ರದು, ಎರಡನೆಯದು 1999ರದು. ಎರಡನ್ನೂ ಹೊರಗೆ ತಂದಿದ್ದು ಮೈಕ್ರೋಸಾಫ್ಟೇ. ಎಕ್ಸ್‌ಬಾಕ್ಸ್ ಹುಟ್ಟುವ ಮೊದಲೇ ಆ ಕಂಪನಿ ನಮ್ಮಂಥವರ ಕೈಗೆ ಆಟ ಕೊಟ್ಟಿತ್ತು. ಆಮೇಲೆ ಡಬ್ಬಿಯ ಹಿಂದೆ ಹೋಯಿತು, ನಾವು ಇಲ್ಲೇ ಉಳಿದೆವು.

ಹೇಲೋ ಅನ್ನುವ ಬಂದೂಕಿನ ಆಟದ ವಿಷಯದಲ್ಲಿ ನನಗೆ ಇವತ್ತಿಗೂ ನೋವಿದೆ. ಅದನ್ನು 1999ರಲ್ಲಿ ಮೊದಲು ತೋರಿಸಿದ್ದು ಆಪಲ್ ಕಂಪ್ಯೂಟರಿನ ಮೇಲೆ, ಸ್ಟೀವ್ ಜಾಬ್ಸ್ ವೇದಿಕೆಯಲ್ಲಿ. ಮರುವರ್ಷ ಅದನ್ನು ಮಾಡುತ್ತಿದ್ದ ಬಂಜಿ ಕಂಪನಿಯನ್ನೇ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2001ರ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಅಮೆರಿಕದ ಅಂಗಡಿಗೆ ಬಂದಾಗ ಜೊತೆಯಲ್ಲಿ ಹೇಲೋ ಇತ್ತು, ಕಂಪ್ಯೂಟರಿಗೆ ಇರಲಿಲ್ಲ. ಕಂಪ್ಯೂಟರಿಗೆ ಬಂದಿದ್ದು 2003ರಲ್ಲಿ. ಮೂರನೇ ಭಾಗದ ಕಥೆ ಇನ್ನೂ ಕೆಟ್ಟದು. ಎಕ್ಸ್‌ಬಾಕ್ಸ್ 360ಕ್ಕೆ 2007ರಲ್ಲಿ ಬಂದ ಆಟ ಕಂಪ್ಯೂಟರಿಗೆ ಬಂದಿದ್ದು 2020ರಲ್ಲಿ. ಹದಿಮೂರು ವರ್ಷ! ಮ್ಯಾಗಜಿನ್ನಿನಲ್ಲಿ ಅದರ ಚಿತ್ರ ನೋಡಿ ಆಸೆಪಟ್ಟ ಹುಡುಗ ಅಷ್ಟರೊಳಗೆ ಓದು ಮುಗಿಸಿ, ಅಂಗಡಿ ಹಾಕಿ, ಮದುವೆಯನ್ನೂ ಆಗಿದ್ದ. ಆ ಹುಡುಗ ನಾನೇ.

ಮೊದಲ ಎಕ್ಸ್‌ಬಾಕ್ಸ್ ಒಳಗೆ ಏನಿತ್ತು ಗೊತ್ತಾ? ಇಂಟೆಲ್‌ನ 733 ಮೆಗಾಹರ್ಟ್ಸ್ ಪೆಂಟಿಯಂ 3 ಜಾತಿಯ ಪ್ರೊಸೆಸರ್, ಎನ್ವಿಡಿಯಾದ ಗ್ರಾಫಿಕ್ಸ್, 64 ಎಂಬಿ ರ‍್ಯಾಮ್, 8 ಜಿಬಿ ಹಾರ್ಡ್‌ಡಿಸ್ಕ್. ವಿಂಡೋಸಿನಲ್ಲಿ ಆಟ ಓಡಿಸುವ ಡೈರೆಕ್ಟ್‌ಎಕ್ಸ್‌ನಿಂದಲೇ ಅದರ ಹೆಸರೂ ಬಂದಿದ್ದು. ನಾವು ದಿನಾ ಬಿಚ್ಚಿ ಜೋಡಿಸುವ ಸಾಮಾನೇ ಅದು. ಕಂಪ್ಯೂಟರಿನಿಂದ ಹುಟ್ಟಿದ್ದು ಕಂಪ್ಯೂಟರಿಗೇ ವಾಪಸ್ ಬರುತ್ತಿದೆ ಅಂದರೆ ನನಗೇನೂ ವಿಚಿತ್ರ ಅನ್ನಿಸುವುದಿಲ್ಲ.

ಈ ಬದಲಾವಣೆ ಒಂದೇ ದಿನದಲ್ಲಿ ಆಗಿದ್ದೂ ಅಲ್ಲ. 2016ರಲ್ಲಿ ಪ್ಲೇ ಎನಿವೇರ್ ಬಂತು. ಅದರಲ್ಲಿರುವ ಆಟವನ್ನು ಒಮ್ಮೆ ಕೊಂಡರೆ ಎಕ್ಸ್‌ಬಾಕ್ಸ್‌ನಲ್ಲೂ ವಿಂಡೋಸಿನಲ್ಲೂ ಆಡಬಹುದು. 2017ರಲ್ಲಿ, ತಿಂಗಳಿಗಿಷ್ಟು ಅಂತ ಕಟ್ಟಿ ಬಹಳಷ್ಟು ಆಟ ಆಡುವ ಗೇಮ್ ಪಾಸ್ ಬಂತು, ಎರಡು ವರ್ಷದ ಮೇಲೆ ಅದು ಕಂಪ್ಯೂಟರಿಗೂ ಸಿಕ್ಕಿತು. 2025ರ ಅಕ್ಟೋಬರಿನಲ್ಲಿ ಏಸಸ್ ಜೊತೆ ಸೇರಿ ಮಾಡಿದ ಕೈಯಲ್ಲಿ ಹಿಡಿಯುವ ಯಂತ್ರ ಬಂತು. ಅದರ ಮೇಲೆ ಎಕ್ಸ್‌ಬಾಕ್ಸ್ ಅಂತ ಬರೆದಿದೆ, ಒಳಗಿರುವುದು ವಿಂಡೋಸ್. ಪ್ಲೇಸ್ಟೇಷನ್ ಅನ್ನುವ ಇನ್ನೊಂದು ಡಬ್ಬಿ ಮಾಡುವ ಸೋನಿ ಕೂಡ 2020ರಲ್ಲಿ ಹೊರೈಜನ್ ಜೀರೋ ಡಾನ್, 2022ರಲ್ಲಿ ಗಾಡ್ ಆಫ್ ವಾರ್ ಆಟಗಳನ್ನು ಕಂಪ್ಯೂಟರಿಗೆ ತಂದಿತು.

ಡಬ್ಬಿಯೇ ಚೆನ್ನಾಗಿತ್ತು ಅನ್ನುವವರ ಒಂದು ಮಾತನ್ನು ನಾನೂ ಒಪ್ಪುತ್ತೇನೆ. ಟಿವಿಗೆ ಸಿಕ್ಕಿಸಿ ಬಟನ್ ಒತ್ತಿದರೆ ಆಯಿತು. ಡ್ರೈವರ್ ಅಪ್‌ಡೇಟ್ ಇಲ್ಲ, ಸೆಟ್ಟಿಂಗ್ ಇಲ್ಲ. ನಿಜವೇ. ಆದರೆ ಅದು ಕೆಟ್ಟಾಗ? ಕೆಲವು ವರ್ಷದ ಹಿಂದೆ, ಏಪ್ರಿಲ್ ಬಿಸಿಲಿನಲ್ಲಿ, ಹುಡುಗನೊಬ್ಬ ಆನ್ ಆಗದ ಕನ್ಸೋಲ್ ತಂದ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಅದಕ್ಕೆ ಬೇಕಾದ ಭಾಗ ನನ್ನ ಹತ್ತಿರ ಇರಲಿಲ್ಲ, ಊರಲ್ಲೂ ಸಿಗಲಿಲ್ಲ. ಹೈದರಾಬಾದಿಗೆ ಕಳಿಸಿದೆವು. ಅವನ ರಜೆ ಪೂರ್ತಿ ಕಾಯುವುದರಲ್ಲೇ ಹೋಯಿತು. ಅದೇ ಕಂಪ್ಯೂಟರ್ ಆಗಿದ್ದರೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಬದಲಾಯಿಸಿ ಅರ್ಧ ಗಂಟೆಯಲ್ಲಿ ಕೊಡುತ್ತಿದ್ದೆ. ಕಂಪ್ಯೂಟರನ್ನು ಸ್ವಲ್ಪ ಸ್ವಲ್ಪವಾಗಿ ದೊಡ್ಡದು ಮಾಡಬಹುದು. ಈ ವರ್ಷ ಎಸ್‌ಎಸ್‌ಡಿ, ಬರುವ ವರ್ಷ ಫಸಲು ಕೈಗೆ ಬಂದ ಮೇಲೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ ಕಾರ್ಡ್. ನಮ್ಮ ಜನ ಮನೆ ಕಟ್ಟೋದೂ ಹಾಗೇ ಅಲ್ವಾ, ಒಂದೊಂದು ರೂಮು ಎಬ್ಬಿಸಿಕೊಂಡು.

ಆತಂಕವೂ ಇದೆ. ನಾನು ಸಾಮಾನು ತರುವುದು ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಯಿಂದ. 2025ರ ಕೊನೆಗೆ ಅಲ್ಲಿ ರ‍್ಯಾಮ್ ರೇಟ್ ಕೇಳಿ ಸುಮ್ನೆ ನಿಂತುಬಿಟ್ಟೆ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಜಾಸ್ತಿ ಹೋಗುತ್ತಿದೆ, ನಮ್ಮ ಪಾಲಿಗೆ ಕಡಿಮೆಯಾಗಿದೆ. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಆ ಡಿಸೆಂಬರಿನಲ್ಲಿ ಹೇಳಿತು. ನಾನು ವರ್ಷಗಟ್ಟಲೆ ನಂಬಿ ಹಾಕಿಕೊಟ್ಟ ಸಾಮಾನು ಅದು. ಆಟ ನಮ್ಮ ಬಾಗಿಲಿಗೆ ಬರುವ ಹೊತ್ತಿಗೇ ಕಂಪ್ಯೂಟರ್ ದುಬಾರಿಯಾಗುತ್ತಿದೆ. ಇದು ನನಗೆ ನಿಜಕ್ಕೂ ಸಂಕಟ ತರುವ ವಿಷಯ.

ಇನ್ನೊಂದು, ಆಟದ ಸೈಜು. ಫೋರ್ಜಾ ಹೊರೈಜನ್ 5 ಒಂದೇ ನೂರು ಜಿಬಿ ದಾಟುತ್ತದೆ. ಡಿಸ್ಕ್ ಇದ್ದಾಗ ಗೆಳೆಯರು ಕೈಬದಲು ಮಾಡಿಕೊಳ್ಳುತ್ತಿದ್ದರು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ತರುವಾಗ ಮೈಕ್ರೋಸಾಫ್ಟಿನವರು ಅದಕ್ಕೂ ಮಿತಿ ಹಾಕಲು ಹೊರಟಿದ್ದರು. ಜನ ಸಿಟ್ಟಾದರು, ಜೂನಿನಲ್ಲೇ ಕಂಪನಿ ಹಿಂದೆ ಸರಿಯಿತು. ಈಗ ಕಂಪ್ಯೂಟರಿನಲ್ಲಿ ಡಿಸ್ಕ್ ಮಾತೇ ಇಲ್ಲ, ಎಲ್ಲ ಅಕೌಂಟಿನಲ್ಲಿ. ಹಾಗಿದ್ದ ಮೇಲೆ ನಮ್ಮಂಥ ಊರಿನವರು ಜೋರಾಗಿ ಕೇಳಬೇಕು. ಒಬ್ಬನೇ ಆಡುವ ಆಟ ನೆಟ್ ಇಲ್ಲದೆಯೂ ತೆರೆಯಲಿ. ಆಟವನ್ನು ಭಾಗ ಭಾಗವಾಗಿ ಹಾಕಿಕೊಳ್ಳಲು ಬಿಡಲಿ. ರೇಟನ್ನು ಡಾಲರಿಗೆ ಗುಣಿಸದೆ ನಮ್ಮ ಸಂಬಳ, ನಮ್ಮ ಫಸಲು ನೋಡಿ ಇಡಲಿ. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2015ರಲ್ಲಿ ರೂಪಾಯಿ ಲೆಕ್ಕ ಶುರು ಮಾಡಿದ ಮೇಲೆ ದುಡ್ಡು ಕೊಟ್ಟು ಆಟ ಕೊಳ್ಳುವ ಹುಡುಗರನ್ನು ನಾನು ನನ್ನ ಅಂಗಡಿಯಲ್ಲೇ ನೋಡಿದ್ದೇನೆ. ಅದಕ್ಕೂ ಮೊದಲು ಎಲ್ಲರ ಕೈಯಲ್ಲೂ ಕಾಪಿ ಹೊಡೆದ ಸಿಡಿ. ನನ್ನ ಕೈಯಲ್ಲೂ ಅದೇ ಇತ್ತು.

ಕಳೆದ ಶನಿವಾರ ಮಾನ್ವಿ ಕಡೆಯ ಹುಡುಗನೊಬ್ಬ ಬೈಕಿನ ಹಿಂದೆ ತಮ್ಮನನ್ನು ಕೂರಿಸಿ, ಅವನ ತೊಡೆಯ ಮೇಲೆ ಸಿಪಿಯು ಇಟ್ಟುಕೊಂಡು ಬಂದ. "ಅಣ್ಣಾ, ನಮ್ಮೂರಾಗ ನೆಟ್ ಎಳಿಯಂಗಿಲ್ಲ, ರಾತ್ರಿ ಆಟದ ಡೌನ್‌ಲೋಡ್ ಇಲ್ಲೇ ಹಚ್ಚಿ ಬಿಡ್ಲೇನು?" ಅಂದ. ಹಾಕು ಅಂದೆ. ನಡುವೆ ಕರೆಂಟ್ ಹೋದರೂ ನಿಲ್ಲದಿರಲಿ ಅಂತ ಅಂಗಡಿಯ ಯುಪಿಎಸ್‌ಗೆ ಸಿಕ್ಕಿಸಿ ಶಟರ್ ಎಳೆದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದಾಗ ಇನ್ನೂ ಹನ್ನೊಂದು ಜಿಬಿ ಬಾಕಿ ಇತ್ತು. ಅಣ್ಣತಮ್ಮಂದಿರಿಬ್ಬರೂ ಆಗಲೇ ಕಟ್ಟೆಯ ಮೇಲೆ ಬಂದು ಕೂತಿದ್ದರು. ಚಹಾ ತರಿಸಿದೆ. ಮೂವರೂ ಸ್ಕ್ರೀನ್ ನೋಡುತ್ತಾ ಕೂತೆವು.