ಪೌತಿಯಾದ ಮುತ್ಯಾ ಸಿನಿಮಾ ನೋಡಿದರು

ನಮ್ಮ ಓಣಿಯ ಮುತ್ಯಾ ತೀರಿಕೊಂಡು ಎಂಟು ತಿಂಗಳಾಯಿತು. ಮೊನ್ನೆ ಶನಿವಾರ ರಾತ್ರಿ ನಮ್ಮ ಮಾಳಿಗೆಯ ಮೇಲೆ ಎಲ್ಲರಿಗಿಂತ ಮುಂದೆ ಕುಳಿತು, ಒಂದು ತಟ್ಟೆ ಮಿರ್ಚಿ ಭಜಿ ಖಾಲಿ ಮಾಡಿ, ದೆವ್ವದ ಸಿನಿಮಾ ನೋಡಿ ಹೋದವರೂ ಅವರೇ.

ಗಾಬರಿ ಬೇಡ. ಅವರು ತೀರಿಕೊಂಡಿರುವುದು ದಾಖಲೆಯಲ್ಲಿ ಮಾತ್ರ. ಕಂದಾಯದವರ ಭಾಷೆಯಲ್ಲಿ ಇದಕ್ಕೆ 'ಪೌತಿ' ಎನ್ನುತ್ತಾರೆ. ಅರಬ್ಬಿಯಿಂದ ಬಂದ ಮಾತು. ಕೇಳಿದರೆ ಸತ್ತಂತೆಯೇ ಅನಿಸುವುದಿಲ್ಲ, ಯಾವುದೋ ಹುದ್ದೆಗೆ ಬಡ್ತಿ ಸಿಕ್ಕಂತಿದೆ. ಆದದ್ದಿಷ್ಟು: ಅವರ ಹಳ್ಳಿಯಲ್ಲಿ ಅವರದೇ ಹೆಸರಿನ, ಅವರ ತಂದೆಯದೇ ಹೆಸರಿನ ತಂದೆಯಿದ್ದ ಇನ್ನೊಬ್ಬರು ತೀರಿಕೊಂಡರು. ಶರಣಬಸವೇಶ್ವರರ ಕಲಬುರಗಿ ಸೀಮೆಯಲ್ಲಿ ಇದೇನೂ ಆಶ್ಚರ್ಯವಲ್ಲ. ಓಣಿಯಲ್ಲಿ ನಿಂತು 'ಶರಣಪ್ಪಾ' ಎಂದು ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ, ಐದನೆಯವನು ಬಚ್ಚಲಿನಿಂದ ಓಗೊಡುತ್ತಾನೆ. ಕಂಪ್ಯೂಟರಿನ ಮುಂದೆ ಕುಳಿತವರು ಕೆಳಗಿನ ಸಾಲಿಗೆ ಒತ್ತಬೇಕಾದ ಗುಂಡಿಯನ್ನು ಮೇಲಿನ ಸಾಲಿಗೆ ಒತ್ತಿದರು. ಸತ್ತವರಿಗೆ ವೃದ್ಧಾಪ್ಯ ವೇತನ ಮುಂದುವರಿಯಿತು, ಬದುಕಿದ್ದವರದು ನಿಂತಿತು.

ಇನ್ನು ಸಿನಿಮಾದ ಸಂಗತಿ. ಕಲಬುರಗಿಯ ಬೇಸಿಗೆಯಲ್ಲಿ ಮನೆಯೊಳಗೆ ಮಲಗುವವರು ಎಸಿ ಇದ್ದವರು, ಇಲ್ಲವೇ ಹಟವಾದಿಗಳು. ನಾವು ಎರಡೂ ಅಲ್ಲ, ಮಾಳಿಗೆಯವರು. ನನ್ನ ತಮ್ಮನ ಮಗ ಬೆಂಗಳೂರಿನಿಂದ ಅಂಗೈಯಗಲದ ಪ್ರೊಜೆಕ್ಟರ್ ತಂದಿದ್ದ. ಪರದೆಗೆ ಬಿಳಿಯ ಬಟ್ಟೆ ಬೇಕಾಯಿತು. ಮುತ್ಯಾರ ಒಗೆದ ಧೋತರವನ್ನೇ ಹಗ್ಗಕ್ಕೆ ಬಿಗಿದೆವು. ಹೀಗೆ ಪೌತಿಯಾದವರ ಧೋತರದ ಮೇಲೆ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಓಡತೊಡಗಿತು.

1968ರ ಚಿತ್ರ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ತೆಗೆದು ಹೊಟ್ಟೆ ಹೊರೆಯುತ್ತಿದ್ದ ಹುಡುಗರ ಗುಂಪೊಂದು ಸುಮಾರು 1,14,000 ಡಾಲರಿನಲ್ಲಿ ಮುಗಿಸಿದ್ದು. ನಿರ್ದೇಶಕ ಜಾರ್ಜ್ ರೊಮೆರೊನಿಗೆ ಆಗ 28 ವರ್ಷ. ಸತ್ತವರು ಎದ್ದು ಬಂದು ಬದುಕಿದ್ದವರನ್ನು ತಿನ್ನುತ್ತಾರೆ. ಏಳು ಜನ ಒಂದು ಹೊಲಮನೆಯೊಳಗೆ ಸೇರಿ, ಬಾಗಿಲು ಕಿಟಕಿಗಳಿಗೆ ಹಲಗೆ ಬಡಿದು, ಹೊರಗಿನವರೊಡನೆ ಕಾದಾಡುವುದಕ್ಕಿಂತ ಹೆಚ್ಚಾಗಿ ಒಳಗೊಳಗೇ ಜಗಳವಾಡುತ್ತಾರೆ. ಕಥೆ ಇಷ್ಟೇ. ಬಣ್ಣಕ್ಕೆ ದುಡ್ಡಿರಲಿಲ್ಲ, ಹಾಗಾಗಿ ಕಪ್ಪುಬಿಳುಪು. ರಕ್ತದ ಬದಲು ಚಾಕೊಲೇಟ್ ಪಾಕ. ಕಪ್ಪುಬಿಳುಪಿನಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಜೆರಾಕ್ಸ್ ಪ್ರತಿಯಲ್ಲಿ ಸತ್ತ ಮುತ್ಯಾರಿಗೂ ಬದುಕಿದ ಮುತ್ಯಾರಿಗೂ ತಿಳಿಯದ ಹಾಗೆ.

ಐವತ್ತು ವರ್ಷ ದಾಟಿದರೂ ಈ ಚಿತ್ರಕ್ಕೆ ಮುಪ್ಪು ಬಂದಿಲ್ಲ. ಪಂಡಿತರು ಇದಕ್ಕೆ ದಪ್ಪ ದಪ್ಪ ಕಾರಣ ಕೊಡುತ್ತಾರೆ, ಕೊಡಲಿ. ನನಗೆ ಹಿಡಿಸಿದ್ದು ಗುಮಾಸ್ತಗಿರಿಯ ಕಾರಣ. ಚಿತ್ರಕ್ಕೆ ಮೊದಲು ಬೇರೆ ಹೆಸರಿತ್ತು. ಹಂಚಿಕೆದಾರರು ಹೆಸರು ಬದಲಿಸಿದಾಗ, ಹಳೆಯ ಶೀರ್ಷಿಕೆಯ ಜೊತೆಗಿದ್ದ ಹಕ್ಕುಸ್ವಾಮ್ಯದ ಸಾಲನ್ನು ಹೊಸದರಲ್ಲಿ ಹಾಕಲು ಮರೆತರು. ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೂ ಇಲ್ಲ. ಚಿತ್ರ ದೇವರಿಗೆ ಬಿಟ್ಟ ಗೂಳಿಯಾಯಿತು. ಯಾವ ಟಿವಿಯವರು ಬೇಕಾದರೂ ನಡುರಾತ್ರಿ ತೋರಿಸಬಹುದು, ಯಾರು ಬೇಕಾದರೂ ಕ್ಯಾಸೆಟ್ ಮಾಡಿ ಮಾರಬಹುದು, ಕಲಬುರಗಿಯ ಮಾಳಿಗೆಯ ಮೇಲೆ ಧೋತರಕ್ಕೂ ಬಿಡಬಹುದು. ಮಾಡಿದವರ ಕೈಗೆ ಬರಬೇಕಾದ ಕಾಸು ಬರಲಿಲ್ಲ, ಚಿತ್ರ ಮಾತ್ರ ಸಾಯಲಿಲ್ಲ. 1999ರಲ್ಲಿ ಅಲ್ಲಿನ ಸಂಸತ್ತಿನ ಗ್ರಂಥಾಲಯ ಅದನ್ನು ಕಾಪಾಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು. ನೋಡಿ, ಅಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ಸತ್ತವರು ಚಿರಂಜೀವಿಗಳಾಗಿ ಸರ್ಕಾರಿ ಪಟ್ಟಿ ಸೇರಿದರು. ಇಲ್ಲಿ ಒಂದು ಸಾಲು ತಪ್ಪಿದ್ದಕ್ಕೆ ಬದುಕಿದ್ದ ಮುತ್ಯಾ ಸರ್ಕಾರಿ ಪಟ್ಟಿಯಿಂದ ಹೊರಬಿದ್ದರು.

ಹುಡುಗರು ಹೆದರಲೆಂದು ಹಚ್ಚಿದ ಚಿತ್ರಕ್ಕೆ ಮುತ್ಯಾ ಹೆದರಲಿಲ್ಲ. ಅವರು ಅದನ್ನು ಅನುಭವಸ್ಥರ ಕಣ್ಣಿನಿಂದ ನೋಡುತ್ತಿದ್ದರು. ಮೊದಲ ಹೆಣ ಗೋರಿಗಳ ನಡುವಿನಿಂದ ತೂರಾಡುತ್ತ ಬಂದಾಗ, 'ಇವನ ಪಂಚನಾಮೆ ಆಗಿದೆಯೇ?' ಎಂದು ಕೇಳಿದರು. ಹೆಣಗಳು ಕಾಲೆಳೆದುಕೊಂಡು ನಡೆಯುವುದನ್ನು ಕಂಡು ಮೊಮ್ಮಗಳು ಚೀರಿದರೆ, ಇವರು ನಕ್ಕರು. ನಗುವ ಮಾತೇ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ನಾವೆಲ್ಲ ನಡೆಯುವುದು ಹಾಗೆಯೇ.

ಅವರಿಗೆ ಬಹಳ ಹಿಡಿಸಿದ್ದು ಟಿವಿ ಸುದ್ದಿಯ ಭಾಗ. ರೇಡಿಯೊ ಮೊದಲು, ಎಲ್ಲರೂ ಮನೆಯೊಳಗೇ ಇರಿ ಎನ್ನುತ್ತದೆ. ಆಮೇಲೆ ಟಿವಿ, ಮನೆ ಬಿಟ್ಟು ರಕ್ಷಣಾ ಕೇಂದ್ರಗಳಿಗೆ ಹೋಗಿ ಎನ್ನುತ್ತದೆ. ವಾಷಿಂಗ್ಟನ್‌ನಲ್ಲಿ ವರದಿಗಾರರು ಅಧಿಕಾರಿಗಳ ಬೆನ್ನು ಹತ್ತುತ್ತಾರೆ. ವಿಜ್ಞಾನಿ ಒಂದು ಹೇಳಿದರೆ ಸೇನಾಧಿಕಾರಿ ಅದು ಸಾಬೀತಾಗಿಲ್ಲ ಎನ್ನುತ್ತಾನೆ. ಎಲ್ಲರೂ ನಡೆಯುತ್ತಲೇ ಉತ್ತರಿಸಿ, ಕಾರು ಹತ್ತಿ ಹೋಗಿಬಿಡುತ್ತಾರೆ. 'ಈ ಸಾಹೇಬರನ್ನು ನಾನು ಬಲ್ಲೆ' ಎಂದರು ಮುತ್ಯಾ.

ಬಲ್ಲರು, ಏಕೆಂದರೆ ಎಂಟು ತಿಂಗಳಿನಿಂದ ಅವರು ನೋಡುತ್ತಿರುವುದು ಇದನ್ನೇ. ಮೊದಲ ಕಚೇರಿ ಹೇಳಿದ್ದು: ನೀವು ಬದುಕಿದ್ದೀರಿ ಎಂಬ ಪ್ರಮಾಣಪತ್ರ ತನ್ನಿ. ಪ್ರಮಾಣಪತ್ರ ಕೊಡುವವರು ಹೇಳಿದ್ದು: ಹೆಬ್ಬೆಟ್ಟು ಒತ್ತಿ. ಅರವತ್ತು ವರ್ಷ ತೊಗರಿ ಕಟಾವು ಮಾಡಿದ ಹೆಬ್ಬೆಟ್ಟಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಯಂತ್ರ ಹೊಂದಾಣಿಕೆ ಇಲ್ಲ ಎಂದಿತು. ಹಾಗಿದ್ದರೆ ಮರಣದ ನಮೂದನ್ನೇ ರದ್ದು ಮಾಡಿ ಎಂದರೆ, ಅದಕ್ಕೆ ಮೃತರ ವಾರಸುದಾರರು ಅರ್ಜಿ ಹಾಕಬೇಕಂತೆ, ಮೃತರೇ ಹಾಕುವಂತಿಲ್ಲವಂತೆ. ಹಾಗೆಂದು ಕಾನೂನು ಕುರುಡೇನೂ ಅಲ್ಲ. ಈ ಚಿತ್ರ ಬಂದ ಮರುವರ್ಷವೇ, 1969ರಲ್ಲಿ, ಜನನ ಮರಣ ನೋಂದಣಿ ಕಾಯ್ದೆ ಬಂತು. ಅದರ 15ನೇ ಕಲಮು ತಪ್ಪು ನಮೂದನ್ನು ತಿದ್ದಲು, ರದ್ದು ಮಾಡಲು ನೋಂದಣಾಧಿಕಾರಿಗೆ ಅಧಿಕಾರ ಕೊಡುತ್ತದೆ. ಕಲಮು ಕಾಯ್ದೆಯ ಪುಸ್ತಕದಲ್ಲಿದೆ, ಪುಸ್ತಕ ಬೀರುವಿನಲ್ಲಿದೆ, ಬೀರುವಿನ ಕೀಲಿ ಇರುವವರು ರಜೆಯಲ್ಲಿದ್ದಾರೆ.

ಮುತ್ಯಾರ ಪಾಡು ಹೊಸದಲ್ಲ. ನಿವೃತ್ತರಾದ ನಮ್ಮ ಕಾಕಾ ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ತಾವು ಬದುಕಿದ್ದೇವೆಂದು ತೋರಿಸಿ ಬರುತ್ತಾರೆ. ನವೆಂಬರ್ ನಮಗೆ ಬಲು ದಣಿವಿನ ತಿಂಗಳು. ಕನ್ನಡಿಗರಾಗಿರುವುದನ್ನೂ ಬದುಕಿರುವುದನ್ನೂ ಒಟ್ಟಿಗೆ ಸಾಬೀತು ಮಾಡಬೇಕು. ಉತ್ತರ ಪ್ರದೇಶದ ಆಜಂಗಢ ಜಿಲ್ಲೆಯ ಲಾಲ್ ಬಿಹಾರಿಯವರಂತೂ 1975ರಿಂದ 1994ರವರೆಗೆ ದಾಖಲೆಯಲ್ಲಿ ಸತ್ತೇ ಇದ್ದರು. ಹೆಸರಿಗೆ 'ಮೃತಕ' ಎಂದು ಸೇರಿಸಿಕೊಂಡು, ತಮ್ಮಂಥವರ ಸಂಘ ಕಟ್ಟಿ, ಚುನಾವಣೆಗೂ ನಿಂತರು. ಈ ಕಥೆ ಹೇಳಿ ಮುತ್ಯಾರಿಗೆ ಧೈರ್ಯ ತುಂಬಲು ಹೋದೆ.

'ಹತ್ತೊಂಬತ್ತು ವರ್ಷವೇ?' ಎಂದರು ಅವರು. 'ನನಗೀಗ ಎಂಬತ್ತೊಂದು. ಅಷ್ಟು ವರ್ಷ ಸತ್ತಿರಬೇಕಾದರೆ ನಾನು ಬದುಕಿರಬೇಕಲ್ಲಪ್ಪಾ.'

ಚಿತ್ರದ ಕೊನೆ ಬಂತು. ಡುವೇನ್ ಜೋನ್ಸ್ ಎಂಬ ಕಪ್ಪು ನಟ ಮಾಡಿದ ಬೆನ್ ಎಂಬ ಪಾತ್ರ ರಾತ್ರಿಯಿಡೀ ಸೆಣಸಿ ಒಬ್ಬನೇ ಉಳಿಯುತ್ತಾನೆ. ಬೆಳಗಾಗುತ್ತದೆ. ಬಂದೂಕಿನವರ ದಂಡು ಕಟ್ಟಿಕೊಂಡು ಷೆರಿಫ್ ಬರುತ್ತಾನೆ. ಸದ್ದು ಕೇಳಿ ಬೆನ್ ಕಿಟಕಿಗೆ ಬರುತ್ತಾನೆ. ಇವನೂ ಸತ್ತವನೇ ಎಂದು ಬಗೆದು ಗುಂಡು ಹೊಡೆಯುತ್ತಾರೆ. ಕೊಕ್ಕೆ ಹಾಕಿ ಎಳೆದು ಉಳಿದ ಹೆಣಗಳ ಜೊತೆ ಸುಡುತ್ತಾರೆ. ದೆವ್ವಗಳಿಂದ ಆಗದ ಕೆಲಸ ಕಾಪಾಡಲು ಬಂದವರಿಂದ ಆಯಿತು. ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದ ವರ್ಷವೇ ತೆರೆಗೆ ಬಂದ ಈ ದೃಶ್ಯವನ್ನು ಅಮೆರಿಕದ ಜನ ನೋಡಿದ ಬಗೆ ಬೇರೆ. ಅದರ ಮೇಲೆ ನನ್ನ ಕುಚೋದ್ಯ ನಡೆಯುವುದಿಲ್ಲ.

ಮಾಳಿಗೆಯ ಮೇಲೆ ಯಾರೂ ಮಾತನಾಡಲಿಲ್ಲ. ಧೋತರ ಗಾಳಿಗೆ ಒಮ್ಮೆ ಅಲುಗಿತು. ತಮ್ಮನ ಮಗನೇ ಕೊನೆಗೆ, 'ಅವನು ಒಂದು ದನಿ ಕೊಟ್ಟಿದ್ದರೆ ಸಾಕಾಗಿತ್ತು ಮುತ್ಯಾ, ಬದುಕಿದ್ದಾನೆಂದು ತಿಳಿಯುತ್ತಿತ್ತು' ಎಂದ.

'ದನಿ ಏನು ಮಾಡೀತು ತಮ್ಮಾ? ಅದಕ್ಕೆ ಜೆರಾಕ್ಸ್ ಇದೆಯೇ?' ಎಂದು ಮುತ್ಯಾ ಕೋಲು ಹುಡುಕಿಕೊಂಡು ಎದ್ದರು. ಮೆಟ್ಟಿಲು ಇಳಿಯುವ ಮೊದಲು ತಿರುಗಿ ನಿಂತು, 'ಆ ಹುಡುಗ ಕಿಟಕಿಗೆ ಎದುರಾಗಿ ನಿಂತಿದ್ದ, ಅಲ್ಲವೇ?' ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು.

ಸೋಮವಾರ ಅವರು ಮತ್ತೆ ಕಚೇರಿಗೆ ಹೋಗಿದ್ದರು, ನಾಲ್ಕನೆಯ ಕಿಟಕಿಗೆ. ಈ ಸಲ ಎದುರಿಗೆ ನಿಲ್ಲಲಿಲ್ಲವಂತೆ. ಪಕ್ಕದ ಗೋಡೆಗೆ ಒತ್ತಿ ನಿಂತು, ಸರಳುಗಳ ನಡುವಿನಿಂದ ಅರ್ಜಿ ಹಿಡಿದ ಕೈಯನ್ನಷ್ಟೇ ಮೆಲ್ಲಗೆ ಒಳಗೆ ಚಾಚಿದರಂತೆ. ಒಳಗಿದ್ದವರು ಚೀರಿ ಕುರ್ಚಿಸಮೇತ ಹಿಂದಕ್ಕೆ ಸರಿದರಂತೆ.

ಎಂಟು ತಿಂಗಳಲ್ಲಿ ಮೊದಲ ಸಲ ಸ್ವೀಕೃತಿ ಚೀಟಿ ಸಿಕ್ಕಿದೆ.