ಮಾತಾಡುವ ಸ್ಪೀಕರ್: ತಡವಾಗಿ ಬಂದವರಿಗೆ ಜಾಗ ಇದೆಯಾ?

ಮನೆಯಲ್ಲಿಟ್ಟು ಮಾತಾಡಿಸುವ ಸ್ಪೀಕರ್‌ಗಳ ಆಟ ಮುಗಿದುಹೋಗಿದೆ, ಅಮೆಜಾನ್ ಮತ್ತು ಗೂಗಲ್ ಎಲ್ಲಾ ಹಂಚಿಕೊಂಡಾಗಿದೆ, ಇನ್ನು ಯಾರು ಬಂದರೂ ದುಡ್ಡು ಕಳೆದುಕೊಂಡು ವಾಪಸ್ ಹೋಗುತ್ತಾರೆ. ಟೆಕ್ ವಿಷಯ ಮಾತಾಡುವ ಗೆಳೆಯರಿಂದ ಈ ಮಾತನ್ನು ಪದೇ ಪದೇ ಕೇಳುತ್ತಿದ್ದೇನೆ. ನಾನು ಒಪ್ಪುವುದಿಲ್ಲ. ತಡವಾಗಿ ಬಂದು ಸೋತವರು ಜಾಸ್ತಿ ಇದ್ದಾರೆ, ನಿಜ. ಆದರೆ ಅವರು ಸೋತದ್ದು ತಡವಾಯಿತು ಅನ್ನುವ ಒಂದೇ ಕಾರಣಕ್ಕಲ್ಲ. ಮೊದಲು ಬಂದವರು ಯಾರಿಗೆ ಮಾರಿದ್ದರೋ ಅವರಿಗೇ, ಅದೇ ಕೆಲಸಕ್ಕೇ, ಇನ್ನೂ ಜಾಸ್ತಿ ಬೆಲೆಗೆ ಮಾರಲು ಹೋದರು.

ಆಪಲ್ ವಿಷಯವನ್ನೇ ನೋಡಿ. ಸಿರಿ ಬಂದದ್ದು 2011ರಲ್ಲಿ, ಐಫೋನ್ 4ಎಸ್ ಜೊತೆ. ಅಂದರೆ ಮಾತು ಕೇಳಿ ಉತ್ತರ ಕೊಡುವ ವಿಷಯದಲ್ಲಿ ಆಪಲ್ ಎಲ್ಲರಿಗಿಂತ ಮುಂದಿತ್ತು. ಆದರೆ ಆ ದನಿಯನ್ನು ಮೊದಲು ಅಡುಗೆಮನೆಗೆ ತಂದದ್ದು ಅಮೆಜಾನ್. 2014ರ ನವೆಂಬರ್‌ನಲ್ಲಿ ಎಕೋ ಸ್ಪೀಕರ್ ಅಮೆರಿಕದ ಪ್ರೈಮ್ ಗ್ರಾಹಕರಿಗೆ 99 ಡಾಲರ್‌ಗೆ ಬಂತು, ಅದೂ ಆಹ್ವಾನ ಸಿಕ್ಕವರಿಗೆ ಮಾತ್ರ. ಎರಡು ವರ್ಷದ ನಂತರ, 2016ರ ನವೆಂಬರ್‌ನಲ್ಲಿ, ಗೂಗಲ್ ಹೋಮ್ ಬಂತು. ಆಪಲ್ ತನ್ನ ಹೋಮ್‌ಪಾಡ್ ಅನ್ನು 2017ರ ಜೂನ್‌ನಲ್ಲಿ ತೋರಿಸಿ, ಡಿಸೆಂಬರ್‌ಗೆ ಕೊಡುತ್ತೇವೆ ಅಂತ ಹೇಳಿತು. ಅಂಗಡಿಗೆ ಬಂದದ್ದು 2018ರ ಫೆಬ್ರವರಿಯಲ್ಲಿ. ಬೆಲೆ 349 ಡಾಲರ್. ಅಷ್ಟು ಹೊತ್ತಿಗೆ ಅಮೆಜಾನ್‌ನ ಚಿಕ್ಕ ಸ್ಪೀಕರ್ ಎಕೋ ಡಾಟ್ 50 ಡಾಲರ್‌ಗೆ ಸಿಗುತ್ತಿತ್ತು.

ಹೋಮ್‌ಪಾಡ್‌ನ ಸೌಂಡ್ ಚೆನ್ನಾಗಿತ್ತು. ಅದನ್ನು ಎಲ್ಲರೂ ಒಪ್ಪಿದರು. ಆದರೆ ಅದನ್ನು ಶುರು ಮಾಡಬೇಕಾದರೆ ಆಪಲ್‌ನದ್ದೇ ಫೋನ್ ಅಥವಾ ಐಪ್ಯಾಡ್ ಬೇಕಿತ್ತು. ಬಾಯಲ್ಲಿ ಹೇಳಿ ಹಾಡು ಹಾಕಿಸಬೇಕಾದರೆ ಆಪಲ್‌ನದ್ದೇ ಹಾಡಿನ ಸೇವೆ ಆಪಲ್ ಮ್ಯೂಸಿಕ್ ಬೇಕಿತ್ತು. ಬಂದ ಹೊಸದರಲ್ಲಿ ಅದಕ್ಕೆ ಮನೆಯವರ ದನಿಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಬರುತ್ತಿರಲಿಲ್ಲ. ಮನೆ ಮಂದಿಯೆಲ್ಲ ಬಳಸುವ ವಸ್ತುವಿಗೆ ಇದು ದೊಡ್ಡ ಕೊರತೆ. 2021ರ ಮಾರ್ಚ್‌ನಲ್ಲಿ ಆ ಮಾಡೆಲ್ ಅನ್ನು ನಿಲ್ಲಿಸಿಬಿಟ್ಟರು. 2020ರಲ್ಲಿ 99 ಡಾಲರ್‌ಗೆ ತಂದ ಮಿನಿ ಮಾತ್ರ ಉಳಿಯಿತು. ದೊಡ್ಡದು ಮತ್ತೆ ಬಂದದ್ದು 2023ರಲ್ಲಿ.

ಸ್ಯಾಮ್‌ಸಂಗ್ 2018ರ ಆಗಸ್ಟ್‌ನಲ್ಲಿ ವೇದಿಕೆ ಮೇಲೆ ಗ್ಯಾಲಕ್ಸಿ ಹೋಮ್ ತೋರಿಸಿತು. ಅದು ಅಂಗಡಿಗೆ ಬರಲೇ ಇಲ್ಲ. ಮೈಕ್ರೋಸಾಫ್ಟ್‌ನ ಮಾತಾಡುವ ಸಹಾಯಕಿ ಕೊರ್ಟಾನಾ ಹಾಕಿಕೊಂಡು ಹರ್ಮನ್ ಕಾರ್ಡನ್ ಕಂಪನಿ 2017ರಲ್ಲಿ ಇನ್ವೋಕ್ ಅನ್ನುವ ಸ್ಪೀಕರ್ ತಂತು. 2021ರಲ್ಲಿ ಅದರಿಂದ ಕೊರ್ಟಾನಾ ತೆಗೆದುಹಾಕಿ, ಬರೀ ಬ್ಲೂಟೂತ್ ಸ್ಪೀಕರ್ ಆಗಿ ಉಳಿಸಿದರು. ಇವರ ಹತ್ತಿರ ದುಡ್ಡಿಗೆ ಕೊರತೆ ಇತ್ತಾ? ಇಂಜಿನಿಯರ್‌ಗಳಿಗೆ? ಇಲ್ಲ. ಅಮೆರಿಕದಲ್ಲಿ ಇಂಗ್ಲಿಷ್ ಮಾತಾಡುವ, ಅಮೆಜಾನ್ ಸ್ಪೀಕರ್ ಆಗಲೇ ಇಟ್ಟುಕೊಂಡಿದ್ದ ಮನೆಗೆ ಎರಡನೇ ಸ್ಪೀಕರ್ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಇವರ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ.

ಗೂಗಲ್ ಕೂಡ ತಡವಾಗಿಯೇ ಬಂದದ್ದು, ಇದನ್ನು ಜನ ಮರೆಯುತ್ತಾರೆ. ಅಮೆಜಾನ್‌ಗಿಂತ ಎರಡು ವರ್ಷ ಹಿಂದಿತ್ತು. ಆದರೂ ಮಾರುಕಟ್ಟೆಯ ಅಂಕಿಅಂಶ ಕಲೆಹಾಕುವ ಕೆನಾಲಿಸ್ ಸಂಸ್ಥೆಯ ಲೆಕ್ಕದಲ್ಲಿ 2018ರ ಮೊದಲ ಮೂರು ತಿಂಗಳಲ್ಲಿ ಗೂಗಲ್ 32 ಲಕ್ಷ ಸ್ಪೀಕರ್ ಕಳಿಸಿತ್ತು, ಅಮೆಜಾನ್ 25 ಲಕ್ಷ. ಗೂಗಲ್ ಹತ್ತಿರ ಹುಡುಕಾಟದ ಬಲ ಇತ್ತು, ಏನೇ ಕೇಳಿದರೂ ಏನಾದರೊಂದು ಉತ್ತರ ಕೊಡುವ ತಾಕತ್ತಿತ್ತು.

ಇನ್ನೂ ದೊಡ್ಡ ಪಾಠ ಇರುವುದು ಚೀನಾದಲ್ಲಿ. ಅಲ್ಲಿ ಅಲಿಬಾಬಾ 2017ರಲ್ಲಿ 499 ಯುವಾನ್‌ಗೆ ಟಿಮಾಲ್ ಜೀನಿ ತಂತು. ಅದೇ ವರ್ಷದ ನವೆಂಬರ್ 11ರ ಮಾರಾಟದ ದಿನ ಅದನ್ನು 99 ಯುವಾನ್‌ಗೆ ಇಳಿಸಿತು. ಶಿಯೋಮಿ 299 ಯುವಾನ್‌ಗೆ ತನ್ನದನ್ನು ತಂತು. ಚೀನಾದ ಹುಡುಕಾಟದ ಕಂಪನಿ ಬೈದು ಇವರಿಗಿಂತಲೂ ತಡವಾಗಿ ಬಂತು. ಆದರೂ 2019ರ ಎರಡನೇ ತ್ರೈಮಾಸಿಕದಲ್ಲಿ, ಕೆನಾಲಿಸ್ ಪ್ರಕಾರ, ಬೈದು 45 ಲಕ್ಷ ಸ್ಪೀಕರ್ ಕಳಿಸಿ ಇಡೀ ಜಗತ್ತಿನಲ್ಲಿ ಗೂಗಲ್ ಅನ್ನು ದಾಟಿ ಎರಡನೇ ಸ್ಥಾನಕ್ಕೆ ಬಂತು. ಚೀನಾದಲ್ಲಿ ಗೂಗಲ್‌ಗೆ ಬಾಗಿಲು ಮುಚ್ಚಿತ್ತು, ಅದನ್ನು ಲೆಕ್ಕಕ್ಕೆ ಇಡಲೇಬೇಕು. ಆದರೆ ರಷ್ಯಾ, ಕೊರಿಯಾ ನೋಡಿ. ಯಾಂಡೆಕ್ಸ್ ಕಂಪನಿ 2018ರಲ್ಲಿ ರಷ್ಯನ್ ಮಾತಾಡುವ ತನ್ನ ಸಹಾಯಕಿ ಆಲಿಸಾಳನ್ನು ಸ್ಪೀಕರ್‌ನಲ್ಲಿ ಕೂರಿಸಿತು. ಕೊರಿಯಾದಲ್ಲಿ ಎಸ್‌ಕೆ ಟೆಲಿಕಾಂ 2016ರಲ್ಲೇ ನುಗು ಅನ್ನುವ ಸ್ಪೀಕರ್ ತಂದಿತ್ತು. ಕೆಟಿ ಕಂಪನಿ 2017ರಲ್ಲಿ ಟಿವಿ ಸೆಟ್‌ಟಾಪ್ ಬಾಕ್ಸ್ ಒಳಗೇ ಸ್ಪೀಕರ್ ಇಟ್ಟು ಗಿಗಾ ಜೀನಿ ಅಂತ ಮನೆಮನೆಗೆ ಕೊಟ್ಟಿತು. ಗೂಗಲ್ ಹೋಮ್ ಕೊರಿಯಾಕ್ಕೆ ಹೋದದ್ದು 2018ರಲ್ಲಿ. ಜಗತ್ತಿನ ಲೆಕ್ಕದಲ್ಲಿ ಇವರೆಲ್ಲ ಎಕೋ ನಂತರ ಬಂದವರು. ತಮ್ಮ ಜನರ ಲೆಕ್ಕದಲ್ಲಿ ಮೊದಲು ಬಂದವರು.

ಈಗ ನಮ್ಮ ಕಡೆ ಬರೋಣ. ಎಕೋ ಭಾರತಕ್ಕೆ ಬಂದದ್ದು 2017ರ ಅಕ್ಟೋಬರ್‌ನಲ್ಲಿ, ಗೂಗಲ್ ಹೋಮ್ 2018ರ ಏಪ್ರಿಲ್‌ನಲ್ಲಿ. ಎಕೋ ಒಳಗೆ ಮಾತಾಡುವ ಅಲೆಕ್ಸಾ ಹಿಂದಿ ಕಲಿತದ್ದು 2019ರಲ್ಲಿ. ಅದಾಗಿ ಎಷ್ಟು ವರ್ಷ ಆಯಿತು! ಫೋನಿನಲ್ಲಿ ಗೂಗಲ್ ಅಸಿಸ್ಟೆಂಟ್‌ಗೆ ಕನ್ನಡ ಬಂತು. ಗೂಗಲ್‌ನ ಎಐ ಜೆಮಿನೈ ಕನ್ನಡದಲ್ಲಿ ಮಾತಾಡುತ್ತದೆ. ಆದರೆ ಮನೆಯ ಶೆಲ್ಫ್ ಮೇಲೆ ಕೂತಿರುವ ಸ್ಪೀಕರ್ ಕನ್ನಡ ಹಾಡು ಹಾಕುತ್ತದೆ, ಹಾಡು ಹಾಕು ಅಂತ ಹೇಳುವುದನ್ನು ಮಾತ್ರ ನಾವು ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಹೇಳಬೇಕು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂತ ಬರೆಸಿದವರು 4.37 ಕೋಟಿ. ಯುರೋಪಿನ ಎಷ್ಟೋ ದೇಶಗಳ ಜನಸಂಖ್ಯೆಗಿಂತ ಇದು ಜಾಸ್ತಿ. ಇಷ್ಟು ಜನರ ಮಾತು ಕೇಳಿಸದ ಮಾರುಕಟ್ಟೆಯನ್ನು ತುಂಬಿದೆ ಅಂತ ಹೇಗೆ ಕರೆಯುವುದು?

ಇದು ನನಗೆ ಬರೀ ಮಾರುಕಟ್ಟೆಯ ವಿಷಯ ಅಲ್ಲ. ನಮ್ಮ ದೊಡ್ಡಮ್ಮನಿಗೆ ಗ್ಲಾಕೋಮಾದಿಂದ ಕಣ್ಣು ಹೆಚ್ಚು ಕಡಿಮೆ ಹೋಗಿದೆ. ತೀರ್ಥಹಳ್ಳಿ ಹತ್ತಿರದ ಊರು, ಮನೆಯಲ್ಲಿ ಹಗಲಿಡೀ ಒಬ್ಬರೇ. ಅವರ ಮಗ ಒಂದು ಸ್ಪೀಕರ್ ತಂದಿಟ್ಟ. ದೊಡ್ಡಮ್ಮ ಇಂಗ್ಲಿಷ್ ವಾಕ್ಯಗಳನ್ನು ಮಂತ್ರದ ಹಾಗೆ ಬಾಯಿಪಾಠ ಮಾಡಿದರು. ಭಜನೆ ಹಾಕಿಸಲು ಒಂದು, ನಿಲ್ಲಿಸಲು ಒಂದು, ಗಂಟೆ ಕೇಳಲು ಒಂದು. ಒಂದು ಪದ ಆಚೀಚೆ ಆದರೆ ಅದಕ್ಕೆ ಅರ್ಥವಾಗುವುದಿಲ್ಲ. ಆಗ ಅವರು ತಮ್ಮದೇ ತಪ್ಪು ಅಂದುಕೊಂಡು ಸುಮ್ಮನಾಗುತ್ತಾರೆ. "ನಂಗೆ ಅದ್ರ ಜೊತೆ ಮಾತಾಡೋಕೆ ಬರಲ್ಲ ಕಣೋ" ಅಂತ ಹೇಳುತ್ತಾರೆ. ನನಗೆ ತುಂಬಾ ಬೇಜಾರಾಗುವುದು ಈ ಮಾತಿಗೆ. ಎಪ್ಪತ್ತು ದಾಟಿದ ಮೇಲೂ ಊರಿನವರನ್ನೆಲ್ಲ ಮಾತಿನಲ್ಲೇ ಗೆಲ್ಲುವ ಹೆಂಗಸು ಅವರು.

ಇಂಥ ಸ್ಪೀಕರ್ ನಿಜವಾಗಿ ಬೇಕಾಗಿರುವುದು ಅವರಿಗೇ ಅಲ್ವಾ? ಕಣ್ಣು ಚೆನ್ನಾಗಿರುವವರಿಗೆ ಫೋನ್ ಇದೆ. ಫೋನ್ ಇರುವಾಗ ಸ್ಪೀಕರ್ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಕಣ್ಣು ಕಾಣದವರು, ಓದಲು ಬಾರದವರು, ಕೈ ನಡುಗುವವರು, ಹಿಟ್ಟು ಕಲಸುತ್ತಿರುವವರು, ಮಂಚದಿಂದ ಏಳಲಾಗದವರು. ಇವರಿಗೆ ಕೂತಲ್ಲಿಂದ ಕೂಗಿದರೆ ಕೇಳುವ ವಸ್ತು ಬೇಕು.

ತಾಂತ್ರಿಕವಾಗಿ ಇದು ಸುಲಭ ಅಂತ ನಾನು ಹೇಳುತ್ತಿಲ್ಲ. ಫೋನನ್ನು ಬಾಯಿ ಹತ್ತಿರ ಹಿಡಿದು ಮಾತಾಡುವುದು ಬೇರೆ, ರೂಮಿನ ಆ ಮೂಲೆಯಿಂದ ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ. ಮೊದಲ ಎಕೋದಲ್ಲಿ ಏಳು ಮೈಕ್ ಇದ್ದದ್ದು ಅದಕ್ಕೇ. ಯಾವ ದಿಕ್ಕಿನಿಂದ ದನಿ ಬರುತ್ತಿದೆ ಅಂತ ಗುರುತಿಸಿ, ಉಳಿದ ಸದ್ದನ್ನು ತಗ್ಗಿಸಬೇಕು. ತನ್ನ ಹೆಸರು ಕೂಗಿದ್ದನ್ನು ಸ್ಪೀಕರ್ ತನ್ನೊಳಗೇ ಗುರುತಿಸಬೇಕು. ಆಮೇಲೆ ಮಾತನ್ನು ಅಕ್ಷರಕ್ಕೆ ಇಳಿಸಿ, ಅರ್ಥ ಹಿಡಿದು, ಉತ್ತರ ಹುಡುಕಿ, ಮತ್ತೆ ದನಿ ಮಾಡಿ ಹೇಳಬೇಕು. ಇಷ್ಟೆಲ್ಲ ಕ್ಷಣಗಳಲ್ಲಿ ಮುಗಿಯಬೇಕು. ಇಲ್ಲದಿದ್ದರೆ ಜನ ಎದ್ದುಹೋಗಿ ಸ್ವಿಚ್ ಹಾಕುತ್ತಾರೆ. ಅದರ ಮೇಲೆ ನಮ್ಮ ಕನ್ನಡ ಒಂದೇ ಥರ ಇಲ್ಲ. ಧಾರವಾಡದ್ದು, ಕಲಬುರಗಿಯದ್ದು, ಕುಂದಾಪುರದ್ದು, ಮಂಡ್ಯದ್ದು ಎಲ್ಲವೂ ಬೇಕು. ಯಾರೂ ಮನೆಯಲ್ಲಿ "ದೀಪವನ್ನು ಆರಿಸು" ಅನ್ನುವುದಿಲ್ಲ. "ಹಾಲ್ ಲೈಟ್ ಆಫ್ ಮಾಡು", "ಫ್ಯಾನ್ ಸ್ವಲ್ಪ ಸ್ಲೋ ಮಾಡು" ಅನ್ನುತ್ತಾರೆ.

ಆದರೆ ಹತ್ತು ವರ್ಷದ ಹಿಂದೆ ಇಲ್ಲದ ಸಾಮಾನು ಈಗ ಕೈಗೆ ಸಿಗುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ರೆಸ್ಪಿನ್ ಅನ್ನುವ ಯೋಜನೆ ಕನ್ನಡವೂ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ, ಬೇರೆ ಬೇರೆ ಸೀಮೆಯ ಮಾತನ್ನು, ಕೃಷಿ ಮತ್ತು ಬ್ಯಾಂಕ್ ವಿಷಯಗಳ ಸುತ್ತ ರೆಕಾರ್ಡ್ ಮಾಡಿದೆ. ಅಲ್ಲೇ ಗೂಗಲ್ ಜೊತೆ ಸೇರಿ ನಡೆಯುತ್ತಿರುವ ವಾಣಿ ಯೋಜನೆ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತಿದೆ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಕನ್ನಡ ಕೇಳಿಸಿಕೊಳ್ಳುವ ಎಐ ಮಾಡೆಲ್‌ಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ. ನಮ್ಮ ಭಾಷೆಗಳ ಮಾತು ಮತ್ತು ಅನುವಾದಕ್ಕೆ ಸರ್ಕಾರದ ಭಾಷಿಣಿ ಯೋಜನೆ ಇದೆ. ಬೆಂಗಳೂರಿನ ಸರ್ವಂ ಕಂಪನಿ ಕನ್ನಡದಲ್ಲಿ ಕೇಳುವ, ಮಾತಾಡುವ ಮಾಡೆಲ್‌ಗಳನ್ನು ಮಾಡಿದೆ. ಮೊದಲಾದರೆ ಹೊಸಬರು ಇದೆಲ್ಲವನ್ನೂ ಸೊನ್ನೆಯಿಂದ ಕಟ್ಟಬೇಕಿತ್ತು.

ಇನ್ನೊಂದು ಬದಲಾವಣೆಯೂ ಆಗಿದೆ. ಬಲ್ಬ್, ಪ್ಲಗ್ ಮಾಡುವ ಪ್ರತಿ ಕಂಪನಿಯ ಹತ್ತಿರ ಹೋಗಿ ನಮ್ಮ ಸ್ಪೀಕರ್‌ಗೂ ಹೊಂದಿಸಿ ಅಂತ ಕೇಳಿಕೊಳ್ಳುವ ಕಾಲ ಒಂದಿತ್ತು. 2022ರ ಅಕ್ಟೋಬರ್‌ನಲ್ಲಿ ಬೇರೆ ಬೇರೆ ಕಂಪನಿಯ ಉಪಕರಣಗಳು ಒಂದಕ್ಕೊಂದು ಹೊಂದುವಂತೆ ಮಾಡುವ ಮ್ಯಾಟರ್ ಅನ್ನುವ ಸಾಮಾನ್ಯ ನಿಯಮ ಬಂತು. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ನಾಲ್ವರೂ ಅದರಲ್ಲಿದ್ದಾರೆ. ಹೊಸಬರಿಗೂ ಅದು ತೆರೆದಿದೆ.

ಮೊದಲು ಬಂದವರು ಗೆದ್ದುಬಿಟ್ಟಿದ್ದಾರಾ ಅಂತಲೂ ನೋಡಬೇಕು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಹಾಗೆ ಅಮೆಜಾನ್ ಲಾಭ ನೋಡದೆ ಸ್ಪೀಕರ್ ಮಾರಿ ಮನೆಮನೆಯಲ್ಲಿ ಜಾಗ ಹಿಡಿದಿಟ್ಟಿತು. ಜನ ಅದರ ಮೂಲಕ ಸಾಮಾನು ತರಿಸುತ್ತಾರೆ, ಅಲ್ಲಿ ದುಡ್ಡು ಬರುತ್ತದೆ ಅನ್ನುವುದು ಲೆಕ್ಕ. ಜನ ಹಾಡು ಕೇಳಿದರು, ಅಲಾರಂ ಇಟ್ಟರು, ಮಳೆ ಬರುತ್ತಾ ಅಂತ ಕೇಳಿದರು. 2017ರಿಂದ 2021ರ ನಡುವೆ ಎಕೋ ಮಾಡುವ ಅಮೆಜಾನ್‌ನ ಉಪಕರಣಗಳ ವಿಭಾಗ 2,500 ಕೋಟಿ ಡಾಲರ್‌ಗಿಂತ ಹೆಚ್ಚು ಕಳೆದುಕೊಂಡಿತು ಅಂತ ವಾಲ್ ಸ್ಟ್ರೀಟ್ ಜರ್ನಲ್ 2024ರಲ್ಲಿ ವರದಿ ಮಾಡಿತು. ಈಗ ಅವರೇ ಅಲೆಕ್ಸಾವನ್ನು ಹೊಸ ಎಐ ಮೇಲೆ ಮತ್ತೆ ಕಟ್ಟಿ, 2025ರಲ್ಲಿ ಅಲೆಕ್ಸಾ ಪ್ಲಸ್ ಅಂತ ತಂದಿದ್ದಾರೆ. ಅಮೆರಿಕದಲ್ಲಿ ಪ್ರೈಮ್ ಇಲ್ಲದವರಿಗೆ ತಿಂಗಳಿಗೆ 19.99 ಡಾಲರ್. ಗೂಗಲ್ ಕೂಡ ತನ್ನ ಸ್ಪೀಕರ್‌ಗಳಿಗೆ ಜೆಮಿನೈ ತರುತ್ತಿದೆ. ಅಂದರೆ ಹಳಬರೂ ಈಗ ಹೊಸದಾಗಿ ಶುರು ಮಾಡುತ್ತಿದ್ದಾರೆ. ತಡವಾಗಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಗೂಗಲ್ ನಾಳೆಯೇ ಸ್ಪೀಕರ್‌ಗೆ ಕನ್ನಡ ಹಾಕಿಬಿಟ್ಟರೆ? ಹಾಕಲಿ, ದೊಡ್ಡಮ್ಮನಿಗೆ ಮೊದಲು ನಾನೇ ತಂದುಕೊಡುತ್ತೇನೆ. ಆದರೆ ಭಾಷೆ ಹಾಕುವುದಕ್ಕೂ ಮನೆಗೆ ಹೊಂದುವುದಕ್ಕೂ ವ್ಯತ್ಯಾಸ ಇದೆ. "ಇವತ್ತು ಶಿವಮೊಗ್ಗದಲ್ಲಿ ರಾಶಿ ಅಡಿಕೆಗೆ ಏನು ಧಾರಣೆ?" ಅಂತ ಕೇಳಿದರೆ ಉತ್ತರ ಬರಬೇಕು. ಏಕಾದಶಿ ಯಾವತ್ತು ಅಂದರೆ ಹೇಳಬೇಕು. ಬಿಪಿ ಮಾತ್ರೆ ಹೊತ್ತಿಗೆ ಸರಿಯಾಗಿ ಕನ್ನಡದಲ್ಲಿ ನೆನಪಿಸಬೇಕು. ಬಿದ್ದುಬಿಟ್ಟೆ ಅಂದರೆ ಮಗನಿಗೆ ಫೋನ್ ಹೋಗಬೇಕು. ಕರೆಂಟ್ ಹೋದಾಗಲೂ ನಡೆಯಬೇಕು, ಅಂದರೆ ಒಳಗೆ ಬ್ಯಾಟರಿ ಬೇಕು. ಮಲೆನಾಡಿನ ಮಳೆಗಾಲದಲ್ಲಿ ನೆಟ್ ಹೋಗಿರುತ್ತದೆ. ಆಗಲೂ ಗಂಟೆ ಹೇಳುವುದು, ಅಲಾರಂ, ಲೈಟು, ಸ್ಪೀಕರ್‌ನಲ್ಲೇ ಇಟ್ಟ ನಾಲ್ಕು ಭಜನೆ ಇಷ್ಟಾದರೂ ನಡೆಯಬೇಕು. ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಇವು ಮೇಲೆ ಬರುವುದು ಕಷ್ಟ.

ನಂಬಿಕೆಯ ಪ್ರಶ್ನೆಯೂ ಇದೆ. 2019ರಲ್ಲಿ ಅಮೆಜಾನ್, ಗೂಗಲ್, ಆಪಲ್ ಮೂರೂ ಕಡೆ ಜನರ ರೆಕಾರ್ಡಿಂಗ್‌ಗಳಲ್ಲಿ ಕೆಲವನ್ನು ಮನುಷ್ಯರು ಕೂತು ಕೇಳುತ್ತಿದ್ದಾರೆ ಅನ್ನುವುದು ಹೊರಬಂತು. ಮನೆಯೊಳಗಿನ ಮಾತು ಮನೆಯಲ್ಲೇ ಉಳಿಯುತ್ತದೆ ಅಂತ ಹೊಸಬರು ಮೊದಲ ದಿನದಿಂದಲೇ ಹೇಳಬಹುದು, ಹೇಳಿದಂತೆ ನಡೆಯಬಹುದು.

ಮಾರುವ ದಾರಿಗೆ ಕೊರಿಯಾದ ಕೆಟಿಯನ್ನು ನೋಡಿದರೆ ಸಾಕು. ನಮ್ಮ ಊರುಗಳಲ್ಲಿ ಕೇಬಲ್‌ನವರು, ಬ್ರಾಡ್‌ಬ್ಯಾಂಡ್ ಕೊಡುವವರು ಮನೆಯೊಳಗೆ ಹೋಗುತ್ತಾರೆ. ಹಾಳಾದರೆ ಫೋನ್ ಮಾಡಿದ ಕೂಡಲೇ ಬರುವ ಹುಡುಗರೂ ಅವರ ಹತ್ತಿರ ಇದ್ದಾರೆ. ತಿಂಗಳ ಬಿಲ್‌ನಲ್ಲಿ ಸ್ವಲ್ಪ ಸೇರಿಸಿ ಕೊಟ್ಟರೆ, ಸ್ಪೀಕರ್ ಅನ್ನು ನಷ್ಟಕ್ಕೆ ಮಾರುವ ಅಗತ್ಯವೇ ಇಲ್ಲ.

ಬೆಂಗಳೂರಿನಲ್ಲಿ ಯಾರಾದರೂ ಇಂಥದ್ದನ್ನು ಮಾಡುತ್ತಿದ್ದರೆ ನನ್ನ ಒಂದು ಕೋರಿಕೆ. ಆಫೀಸಿನ ಮೀಟಿಂಗ್ ರೂಮಿನಲ್ಲಿ ಪರೀಕ್ಷೆ ಮಾಡಬೇಡಿ. ಒಂದನ್ನು ಧಾರವಾಡದಲ್ಲಿ, ಒಂದನ್ನು ಕುಂದಾಪುರದಲ್ಲಿ, ಒಂದನ್ನು ಕಲಬುರಗಿಯಲ್ಲಿ, ವಯಸ್ಸಾದವರಿರುವ ಮನೆಗಳಲ್ಲಿ ಇಡಿ. ಮಿಕ್ಸಿ ಓಡುತ್ತಿರಲಿ, ಟಿವಿಯಲ್ಲಿ ಧಾರಾವಾಹಿ ಬರುತ್ತಿರಲಿ, ಹಂಚಿನ ಮೇಲೆ ಮಳೆ ಸುರಿಯುತ್ತಿರಲಿ. ತೀರ್ಥಹಳ್ಳಿ ಕಡೆ ಒಂದು ಮನೆ ಬೇಕಿದ್ದರೆ ನನಗೆ ಮೆಸೇಜ್ ಮಾಡಿ, ದೊಡ್ಡಮ್ಮನನ್ನು ನಾನು ಒಪ್ಪಿಸುತ್ತೇನೆ.