ಸಾಹಿತ್ಯ: ಜನಪದ, ಸಂಗೀತ: ಅಪ್ಪನ ಮಗ

ನಾಡಿನ ಹೆಸರಾಂತ ಸಂಗೀತ ನಿರ್ದೇಶಕರ ಸುಪುತ್ರನ ಚೊಚ್ಚಲ ಜನಪದ ಆಲ್ಬಮ್ ಬಿಡುಗಡೆಯಾಗಿದೆ. ಯಾರ ಪುತ್ರ ಎಂದು ಕೇಳಬೇಡಿ. ಈ ಪುತ್ರ ಆಗಾಗ ಅವತರಿಸುತ್ತಲೇ ಇರುತ್ತಾನೆ. ತಂದೆ ಬದಲಾಗುತ್ತಾರೆ, ಪತ್ರಿಕಾ ಪ್ರಕಟಣೆ ಬದಲಾಗುವುದಿಲ್ಲ. ಅದರ ಮೊದಲ ಸಾಲಿನಲ್ಲಿ ಅಪ್ಪನ ಹೆಸರು, ಎರಡನೆಯದರಲ್ಲಿ ಅಪ್ಪನ ಪ್ರಶಸ್ತಿಗಳು, ಮೂರನೆಯದರಲ್ಲಿ ‘ಅಪ್ಪನ ನೆರಳಿನಿಂದ ಹೊರಬಂದು ಸ್ವಂತ ದಾರಿ ಕಂಡುಕೊಂಡ’ ಮಗ. ಹೊರಬಂದವನು ನೇರವಾಗಿ ಹೋಗಿ ಕುಳಿತದ್ದು ಅಪ್ಪನ ಸ್ಟುಡಿಯೊದಲ್ಲಿ. ಅಲ್ಲಿ ಹವಾನಿಯಂತ್ರಣವಿದೆ, ನೆರಳಿನ ಅಗತ್ಯ ಬೀಳುವುದಿಲ್ಲ.

‘ಇವನಿಗಾಗಿ ನಾನು ಯಾರಿಗೂ ಒಂದು ಫೋನ್ ಕೂಡ ಮಾಡಿಲ್ಲ’ ಎಂದು ಬಿಡುಗಡೆಯ ವೇದಿಕೆಯಲ್ಲಿ ತಂದೆಯವರು ಗದ್ಗದಿತರಾದರು. ನಿಜ. ಮುಂದಿನ ಸಾಲಿನಲ್ಲಿದ್ದ ಮೂವರು ನಿರ್ಮಾಪಕರು, ಇಬ್ಬರು ನಟರು ಮತ್ತು ಒಬ್ಬರು ಸಚಿವರು ಫೋನಿಗೆ ಕಾಯುವಷ್ಟು ಅಪ್ರಬುದ್ಧರಲ್ಲ.

ಆದರೆ ಜನಪದವೇ ಏಕೆ? ಸಿನಿಮಾ ಹಾಡಿಗೆ ಹಣ ಹಾಕುವವರು ಬೇಕು. ಶಾಸ್ತ್ರೀಯ ಸಂಗೀತಕ್ಕೆ ಸಾಧನೆ ಬೇಕು; ಮೇಲಾಗಿ ತೊಡೆಯ ಮೇಲೆ ತಾಳ ಹಾಕುತ್ತಾ, ಹಾಡುಗಾರ ಎಲ್ಲಿ ಜಾರುತ್ತಾನೆ ಎಂದು ಕಾಯುವ ಹಿರಿಯರು ಆ ಸಭೆಗಳಿಗೆ ತಪ್ಪದೆ ಬರುತ್ತಾರೆ. ಭಾವಗೀತೆಗೆ ಕವಿಯ ಮನೆಯವರ ಒಪ್ಪಿಗೆ ಬೇಕು. ಜನಪದಕ್ಕೆ ಒಂದು ಕಂಬಳಿ ಸಾಕು. ಅದನ್ನು ಹೆಗಲ ಮೇಲೆ ಹೇಗೆ ಬಿಸಾಡಿಕೊಳ್ಳಬೇಕೆಂದು ಹೇಳಿಕೊಡಲು ವಸ್ತ್ರವಿನ್ಯಾಸಕರಿದ್ದಾರೆ.

ಕಂಬಳಿ ಹೊದ್ದ ಮೇಲೆ ಬೇರು ಹುಡುಕಲು ಹೋಗಬೇಕು. ನಮ್ಮ ಹುಡುಗ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದ. ಬೇರು ನೆಲದೊಳಗಿರುತ್ತದೆ ಎಂಬುದು ನಮ್ಮ ತಿಳಿವಳಿಕೆ. ಅವನು ಡ್ರೋನ್ ಒಯ್ದಿದ್ದ. ಅಲ್ಲಿ ಸಿಕ್ಕಿದ ಕಂಸಾಳೆಯ ಹಿರಿಯರೊಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಬಂದ. ದೀಕ್ಷೆ ಪಡೆದ ದೇವರಗುಡ್ಡ ಅವರು, ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡಬಲ್ಲವರು. ಅವರಿಗೆ ಮೂರು ನಿಮಿಷ ನಲವತ್ತು ಸೆಕೆಂಡುಗಳನ್ನು ಮಂಜೂರು ಮಾಡಲಾಯಿತು. ಕಿವಿಗೆ ಹೆಡ್‌ಫೋನ್ ಏರಿಸಿ, ಅದರೊಳಗೆ ಟಕ್ ಟಕ್ ಎಂದು ಯಂತ್ರದ ತಾಳ ಬಿಟ್ಟು, ‘ತಾತ, ಇದಕ್ಕೆ ಸರಿಯಾಗಿ ಹಾಡಿ’ ಎಂದರು. ತಾತ ಮಾದಪ್ಪನಿಗೆ ಸರಿಯಾಗಿ ಹಾಡಿದರು. ತಾಳ ತಪ್ಪಿದೆ ಎಂದು ತೀರ್ಮಾನಿಸಿ, ಐವತ್ತು ವರ್ಷ ಕಂಚು ಬಡಿದ ಕೈಯನ್ನು ಸಾಫ್ಟ್‌ವೇರ್ ಹಾಕಿ ತಿದ್ದಿದರು.

ಹಾಗೆಂದು ಅಪ್ಪನಿಂದ ಮಗ ಕಲಿಯುವುದು ತಪ್ಪೇನಲ್ಲ. ನಮ್ಮ ಜನಪದದಲ್ಲಿ ಹೆಚ್ಚುಪಾಲು ಹಾಗೆಯೇ ನಡೆದು ಬಂದಿದೆ. ಗೊಂದಲಿಗರ ಮನೆಯ ಹುಡುಗ ಅಪ್ಪನ ಹಿಂದೆ ನಿಂತು ದನಿ ಕೂಡಿಸುತ್ತಾ ಹಾಡುಗಾರನಾಗುತ್ತಾನೆ. ವ್ಯತ್ಯಾಸ ಇಷ್ಟೇ: ಅವನು ಮೊದಲ ಬಾರಿ ಬಾಯಿ ತೆರೆದ ರಾತ್ರಿ ಊರಿಗೆ ಊರೇ ತೂಕಡಿಸುತ್ತಿರುತ್ತದೆ, ಪತ್ರಿಕಾಗೋಷ್ಠಿ ಇರುವುದಿಲ್ಲ. ಅಂಕೋಲಾದ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಸಮುದಾಯದ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡಿದ್ದರು. 2017ರಲ್ಲಿ ಪದ್ಮಶ್ರೀ ಬರುವ ಹೊತ್ತಿಗೆ ಅವರಿಗೆ ಎಂಬತ್ತರ ಆಸುಪಾಸು. ನಮ್ಮ ಹುಡುಗನನ್ನು ‘ಜನಪದದ ಹೊಸ ದನಿ’ ಎಂದು ಕರೆಯಲು ಒಂದು ಟೀಸರ್ ಸಾಕಾಯಿತು.

ಅಮೆರಿಕದಲ್ಲಿ ಒಂದು ಕಾಲಕ್ಕೆ ಇದು ತಿರುವುಮುರುವಾಗಿತ್ತು. ಬಾಬ್ ಡಿಲನ್ ಜನಪದ ಹಾಡುಗಾರನಾಗಿ ನ್ಯೂಯಾರ್ಕಿಗೆ ಬಂದಾಗ, ಮನೆ ಬಿಟ್ಟು ಓಡಿಹೋದವನೆಂದು, ಊರೂರು ಅಲೆದವನೆಂದು ತನ್ನ ಬಗ್ಗೆ ತಾನೇ ಕಥೆ ಕಟ್ಟಿಕೊಂಡಿದ್ದ. 1963ರಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆ ಗುಟ್ಟು ಬಿಚ್ಚಿತು. ಅಪ್ಪ ಮಿನೆಸೋಟಾದ ಹಿಬ್ಬಿಂಗ್‌ನಲ್ಲಿ ವಿದ್ಯುತ್ ಉಪಕರಣಗಳ ಅಂಗಡಿ ನಡೆಸುವ ಮರ್ಯಾದಸ್ಥ. ಜನಪದ ಹಾಡಬೇಕಾದರೆ ಅನುಕೂಲಸ್ಥ ಅಪ್ಪನನ್ನು ಬಚ್ಚಿಡಬೇಕು ಎಂಬಷ್ಟಾದರೂ ನಾಚಿಕೆ ಆಗ ಚಾಲ್ತಿಯಲ್ಲಿತ್ತು.

ಇನ್ನು ಆಲ್ಬಮ್ಮಿನ ಹಿಂಬದಿಗೆ ಬರೋಣ. ‘ಸಾಹಿತ್ಯ: ಜನಪದ’ ಎಂದಿದೆ. ಸಂಗೀತ, ವಾದ್ಯ ಸಂಯೋಜನೆ, ಪರಿಕಲ್ಪನೆ, ಗಾಯನ: ಪುತ್ರ. ವಿಶೇಷ ಕೃತಜ್ಞತೆ: ತಂದೆ, ತಾಯಿ, ಜಿಮ್ ತರಬೇತುದಾರ. ತಾತ ‘ಜನಪದ’ ಎಂಬ ಹೆಸರಿನಲ್ಲಿ ಅಡಗಿದ್ದಾರೆ ಎಂದು ತಿಳಿಯತಕ್ಕದ್ದು. ಈ ಜನಪದ ಎಂಬ ಕವಿಯಷ್ಟು ಸಜ್ಜನ ಕನ್ನಡದಲ್ಲಿ ಇನ್ನೊಬ್ಬನಿಲ್ಲ. ಬರೆದದ್ದಕ್ಕೆ ಲೆಕ್ಕವಿಲ್ಲ, ಆಧಾರ್ ಇಲ್ಲ, ಪ್ಯಾನ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಗೌರವಧನ ಕೇಳುವುದಿಲ್ಲ, ವೇದಿಕೆಯಲ್ಲಿ ಕುರ್ಚಿಯನ್ನೂ ಕೇಳುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಕವಿ ಬದುಕಿದ್ದಷ್ಟು ಕಾಲ, ಸತ್ತ ಮೇಲೂ 60 ವರ್ಷ ಹಾಡಿನ ಹಕ್ಕು ಅವನ ಕಡೆಯವರದು. ಈ ಕವಿ ಸಾಯುವವನಲ್ಲ, ಹಕ್ಕು ಕೇಳಲು ಅವನ ಕಡೆಯವರೆಂದು ಯಾರೂ ಇಲ್ಲ. ಆದರೆ ಪುತ್ರನ ಧ್ವನಿಮುದ್ರಣಕ್ಕೆ ಪ್ರಕಟವಾದಂದಿನಿಂದ 60 ವರ್ಷ ಭದ್ರ ಕಾವಲು. ನಾಳೆ ಬೆಟ್ಟದ ತಪ್ಪಲಿನ ಯಾವುದೋ ತಂಡ ಅದೇ ಪದವನ್ನು ಯೂಟ್ಯೂಬಿಗೆ ಹಾಕಿ, ಯಂತ್ರವು ಅದನ್ನು ಪುತ್ರನ ಸ್ವತ್ತೆಂದು ಬಗೆದು ತಕರಾರು ಕಳಿಸಿದರೆ, ಉತ್ತರ ಬರೆಯಬೇಕಾದವರು ತಂಡದವರೇ.

ಅಮೆರಿಕದ ಹಾಡುಗಾರ ಪಾಲ್ ಸೈಮನ್ 1965ರ ಸುಮಾರಿಗೆ ಲಂಡನ್ನಿನಲ್ಲಿ ಇಂಗ್ಲಿಷ್ ಜನಪದ ಹಾಡುಗಾರ ಮಾರ್ಟಿನ್ ಕಾರ್ಥಿಯಿಂದ ‘ಸ್ಕಾರ್‌ಬರೋ ಫೇರ್’ ಎಂಬ ಹಳೆಯ ಹಾಡಿನ ಮಟ್ಟನ್ನು ಕಲಿತು ಹೋದ. ಮುಂದಿನ ವರ್ಷ ಬಂದ ಆಲ್ಬಮ್ಮಿನಲ್ಲಿ ಕಾರ್ಥಿಯ ಹೆಸರಿರಲಿಲ್ಲ. ಇಬ್ಬರೂ ಒಂದೇ ವೇದಿಕೆಯಲ್ಲಿ ಅದನ್ನು ಹಾಡಲು 2000ನೇ ಇಸವಿ ಬರಬೇಕಾಯಿತು. ಆ ಲೆಕ್ಕದಲ್ಲಿ ನಮ್ಮ ತಾತ ಇನ್ನೂ ಮೂರೂವರೆ ದಶಕ ಗಟ್ಟಿಯಾಗಿದ್ದರೆ ಕುರ್ಚಿ ಸಿಗಬಹುದು. ನಮ್ಮಲ್ಲಿಯೇ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಗ್ರಹ ತಂದಾಗ ತಾವು ಸಂಗ್ರಹಕಾರರು ಎಂದಷ್ಟೇ ಹೇಳಿಕೊಂಡರು. ‘ಪರಿಕಲ್ಪನೆ’ ಎಂಬ ಹುದ್ದೆ ಇರುವುದು ಅವರಿಗೆ ತಿಳಿದಿರಲಿಲ್ಲ ಎಂದು ಕಾಣುತ್ತದೆ.

ವಿಮರ್ಶೆಗಳು ಚೆನ್ನಾಗಿ ಬಂದಿವೆ. ‘ಅಪ್ಪನ ಕಂಠ ಅಚ್ಚಳಿಯದೆ ಇಳಿದಿದೆ’ ಎಂದು ಒಬ್ಬರು, ‘ಅಪ್ಪನನ್ನು ನೆನಪಿಸದ ಸ್ವಂತಿಕೆ’ ಎಂದು ಇನ್ನೊಬ್ಬರು ಬರೆದಿದ್ದಾರೆ. ಇಬ್ಬರೂ ಅದೇ ಸಮಾರಂಭದ ಊಟ ಮುಗಿಸಿ ಬಂದವರು.

ಮುಂದಿನ ಆಲ್ಬಮ್ ವಚನಗಳದ್ದಂತೆ. ಅದರಲ್ಲಿ ಒಂದು ಸಣ್ಣ ತೊಡಕು ಎದುರಾಗಿದೆ. ಸಾಮಾನ್ಯವಾಗಿ ವಚನದ ಕೊನೆಯಲ್ಲಿ ಬರೆದವರ ಅಂಕಿತ ಕುಳಿತಿರುತ್ತದೆ. ಹಾಡನ್ನು ಅದಕ್ಕೂ ಮುಂಚೆಯೇ ಮೆಲ್ಲಗೆ ಕರಗಿಸಿಬಿಡಬಹುದೇ ಎಂದು ಸ್ಟುಡಿಯೊದಲ್ಲಿ ನೋಡುತ್ತಿದ್ದಾರೆ.